ಹಗೇವಿನ ಜೋಳವೂ ಉಸಿರಾಡುತ್ತದೆ

ಜತ್ತ, ಅಕ್ಕಲಕೋಟೆ, ಸೋಲಾಪುರ ಭಾಗದಲ್ಲಿ ಹಿಂದೆ ಜೋಳ ಕೂಡಿಡುತ್ತಿದ್ದ ನೆಲದೊಳಗಿನ ಕುಳಿಗೆ ಕನ್ನಡದಲ್ಲಿ ಹಗೇವು, ಮರಾಠಿಯಲ್ಲಿ ಪೇವ ಎನ್ನುತ್ತಾರೆ. ಬಾಯಿ ತೆರೆದ ಕೂಡಲೇ ಹಗೇವಿಗೆ ಇಳಿಯಬಾರದು ಎಂಬುದು ಹಿರಿಯರ ಮಾತು. ಇಳಿದವನು ಕುಸಿದು ಬೀಳುತ್ತಾನೆ, ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ಇದಕ್ಕೆ ದೆವ್ವ ಕಾರಣವಲ್ಲ. ಕಾರಣ ಕಾಳಿನಲ್ಲೇ ಇದೆ.

ಒಣಗಿದ ಕಾಳಿಗೂ ಜೀವವಿದೆ. ಇಲ್ಲದಿದ್ದರೆ ಬಿತ್ತಿದಾಗ ಮೊಳೆಯುತ್ತಿರಲಿಲ್ಲ. ಅದರ ಜೀವಕೋಶಗಳು ಬಹಳ ನಿಧಾನವಾಗಿ ಉಸಿರಾಡುತ್ತಿರುತ್ತವೆ. ಇಲ್ಲಿ ಉಸಿರಾಟವೆಂದರೆ ಮೂಗಿನಿಂದ ಗಾಳಿ ಎಳೆಯುವುದಲ್ಲ, ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುವುದು. ಗ್ಲೂಕೋಸಿನ ಒಂದು ಅಣು ಮೊದಲು ಎರಡು ತುಂಡಾಗುತ್ತದೆ. ಈ ತುಂಡಿನ ಹೆಸರು ಪೈರುವಿಕ್ ಆಮ್ಲ. ಈ ಹಂತಕ್ಕೆ ಆಮ್ಲಜನಕ ಬೇಕಿಲ್ಲ, ಆದರೆ ಗಳಿಕೆಯೂ ಅಲ್ಪ: ಎಟಿಪಿ ಎಂಬ ಶಕ್ತಿಯ ಅಣು ಎರಡೇ ಉಳಿಯುತ್ತವೆ. ಆಮ್ಲಜನಕ ಇದ್ದರೆ ಆ ತುಂಡುಗಳು ಮೈಟೊಕಾಂಡ್ರಿಯ ಎಂಬ ಕಣದೊಳಗೆ ಹೋಗಿ ಪೂರ್ತಿ ಒಡೆಯುತ್ತವೆ. ನೀರು, ಇಂಗಾಲದ ಡೈಆಕ್ಸೈಡ್ ಹೊರಬರುತ್ತವೆ, ಒಟ್ಟು ಸುಮಾರು 30ರಿಂದ 32 ಎಟಿಪಿ ಸಿಗುತ್ತದೆ. (ಹಳೆಯ ಪಠ್ಯಪುಸ್ತಕಗಳಲ್ಲಿ 36 ಅಥವಾ 38 ಎಂದಿತ್ತು. ಈಗಿನ ಲೆಕ್ಕ ಅದಕ್ಕಿಂತ ಕಡಿಮೆ.)

ಆಮ್ಲಜನಕ ಇಲ್ಲದಿದ್ದರೆ? ಯೀಸ್ಟ್ ಆ ತುಂಡನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಇದೇ ಹುದುಗುವಿಕೆ. ಮರಾಠಿ ಶಾಲೆಗೆ ಹೋಗುವ ಮಕ್ಕಳ ಪುಸ್ತಕದಲ್ಲಿ ಇದು ‘ಕಿಣ್ವನ’. ಕನ್ನಡ ಪುಸ್ತಕದಲ್ಲಿ ಕಿಣ್ವ ಎಂದರೆ ಎನ್ಜೈಮ್, ಮರಾಠಿಯಲ್ಲಿ ಯೀಸ್ಟ್; ಮನೆಯಲ್ಲಿ ಪಾಠ ಹೇಳಿಕೊಡುವವರು ಇದನ್ನು ಗಮನಿಸಬೇಕು. ಹುದುಗುವಿಕೆಯಲ್ಲಿ ಗಳಿಕೆ ಆ ಎರಡೇ ಎಟಿಪಿ. ಆದ್ದರಿಂದಲೇ ಗಾಳಿ ಸಿಗದ ಯೀಸ್ಟ್ ಹೆಚ್ಚು ಸಕ್ಕರೆ ತಿನ್ನುತ್ತದೆ. ಲೂಯಿ ಪಾಶ್ಚರ್ ಇದನ್ನು 1861ರಲ್ಲೇ ಗುರುತಿಸಿದ್ದರು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು ತೆಗೆದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆಂದು ತೋರಿಸಿ 1907ರಲ್ಲಿ ನೊಬೆಲ್ ಪಡೆದರು.

ಈಗ ಹಗೇವಿನ ಮಾತು. ಮುಚ್ಚಿದ ಕುಳಿಯಲ್ಲಿ ಕಾಳು, ಹುಳು, ಬೂಷ್ಟು ಎಲ್ಲವೂ ಇದ್ದ ಆಮ್ಲಜನಕವನ್ನೇ ಬಳಸುತ್ತವೆ. ಅದು ಮುಗಿಯುತ್ತಾ ಬಂದಂತೆ ಹುಳು ಸಾಯುತ್ತದೆ, ಜೋಳ ಕೆಡದೆ ಉಳಿಯುತ್ತದೆ. ಹಗೇವಿನ ಜಾಣತನವೇ ಇದು. ತೇವ ಇಳಿದರೆ ಮಾತ್ರ ಬೂಷ್ಟು, ಯೀಸ್ಟ್ ಚುರುಕಾಗಿ ಕಾಳು ಹುಳಿಯುತ್ತದೆ, ಗಾಳಿ ಇನ್ನೂ ಬೇಗ ಕೆಡುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ತಳದಲ್ಲೇ ನಿಲ್ಲುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಯೀಸ್ಟಿಗೆ ಎರಡು ಎಟಿಪಿ ಸಾಕು. ಓಡುವಾಗ ನಮ್ಮ ಸ್ನಾಯುಗಳೂ ಸ್ವಲ್ಪ ಹೊತ್ತು ಹಾಗೆ ನಡೆಸಿಕೊಳ್ಳುತ್ತವೆ. ಮಿದುಳಿನ ಕೋಶಗಳಿಗೆ ಅದು ಸಾಲದು. ಆಮ್ಲಜನಕವಿಲ್ಲದ ಕುಳಿಯಲ್ಲಿ ಕೆಲವೇ ಉಸಿರಿಗೆ ಎಚ್ಚರ ತಪ್ಪುತ್ತದೆ, ಕೂಗಲೂ ಆಗುವುದಿಲ್ಲ.

ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡುವುದು ಹಳೆಯ ರೂಢಿ. ದೀಪ ಆರಿದರೆ ಇಳಿಯಲೇಬಾರದು. ಆರದಿದ್ದರೂ ಪೂರ್ತಿ ನಂಬುವಂತಿಲ್ಲ; ದೀಪ ಉರಿಯುವಷ್ಟು ಆಮ್ಲಜನಕ ಇದ್ದು, ಇಂಗಾಲದ ಡೈಆಕ್ಸೈಡ್ ಅಪಾಯದ ಮಟ್ಟದಲ್ಲಿರಬಹುದು. ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಬ್ಲೋವರ್‌ನಿಂದ ತಳದವರೆಗೆ ಗಾಳಿ ಹಾಯಿಸಬೇಕು. ಇಳಿಯುವವರ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ನಿಂತಿರಲಿ. ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ಇಳಿಯದೆ ಹಗ್ಗದಿಂದ ಎಳೆಯಿರಿ, 101 ಅಥವಾ 112ಕ್ಕೆ ಫೋನ್ ಮಾಡಿ.