ಜಮಾಬಂದಿ

ರೈತ ಆ ವರ್ಷ ಸರ್ಕಾರಕ್ಕೆ ಎಷ್ಟು ಕಂದಾಯ ಕಟ್ಟಬೇಕೆಂದು ಊರಿನ ಲೆಕ್ಕಪುಸ್ತಕ ನೋಡಿ ತೀರ್ಮಾನಿಸುವ ವಾರ್ಷಿಕ ತಪಾಸಣೆಗೆ ಜಮಾಬಂದಿ ಎಂದು ಹೆಸರು. ಇಂದು ಕರ್ನಾಟಕದ ಹಳ್ಳಿಗಳಲ್ಲಿ ಇದೇ ಹೆಸರಿನಲ್ಲಿ ನಡೆಯುವುದು ಬೇರೆಯೇ ಕೆಲಸ: ಬಂದ ತೆರಿಗೆ, ಅನುದಾನಗಳನ್ನು ಎಲ್ಲೆಲ್ಲಿ ಖರ್ಚು ಮಾಡಿದ್ದೇವೆಂದು ಗ್ರಾಮ ಪಂಚಾಯಿತಿ ಊರವರಿಗೆ ಲೆಕ್ಕ ಒಪ್ಪಿಸುತ್ತದೆ. ಲೆಕ್ಕ ಕೇಳುವ ಹಕ್ಕು ವಸೂಲಿ ಮಾಡುವವರಿಂದ ಕಟ್ಟುವವರ ಕೈಗೆ ಬರಲು ಸುಮಾರು ಇನ್ನೂರು ವರ್ಷ ಹಿಡಿಯಿತು.

ಕಂದಾಯ ಈ ನಾಡಿಗೆ ಹೊಸದಲ್ಲ. ನಿಗದಿಯಾದ ಭೂತೆರಿಗೆಯಾದ ಸಿದ್ಧಾಯ ಹೊಯ್ಸಳರ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಹೆಸರುಗಳಲ್ಲಿ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುತ್ತಿದ್ದರು. ಆ ಆದಾಯ ಬೊಕ್ಕಸಕ್ಕೆ ಹೋಗಿ ಬರಬೇಕಿರಲಿಲ್ಲ, ಖರ್ಚಾಗುವ ಜಾಗ ಊರವರ ಕಣ್ಣೆದುರಿಗೇ ಇರುತ್ತಿತ್ತು. ಹದಿನೇಳನೆಯ ಶತಮಾನದ ನಡುವೆ ಕೆಳದಿಯ ಶಿವಪ್ಪನಾಯಕ ಭೂಮಿಯನ್ನು ಫಲವತ್ತತೆಗೆ ತಕ್ಕಂತೆ ಐದು ದರ್ಜೆಗಳಾಗಿ ವಿಂಗಡಿಸಿ ಮಾಡಿದ ನಿಗದಿ ‘ಶಿವಪ್ಪನಾಯಕನ ಶಿಸ್ತು’ ಎಂದೇ ಹೆಸರಾಯಿತು.

ವರ್ಷವರ್ಷವೂ ನಡೆಯುವ ಜಮಾಬಂದಿಗೆ ಗಟ್ಟಿ ರೂಪ ಬಂದದ್ದು ರೈತವಾರಿ ಪದ್ಧತಿಯೊಂದಿಗೆ. ಬಾರಾಮಹಲಿನಲ್ಲಿ ಕೆಲಸ ಕಲಿತ ಬ್ರಿಟಿಷ್ ಅಧಿಕಾರಿ ಥಾಮಸ್ ಮನ್ರೋ 1799ರಲ್ಲಿ ಕನ್ನಡ (ಕೆನರಾ) ಜಿಲ್ಲೆಗೆ ಕಲೆಕ್ಟರಾಗಿ ಬಂದ. ಮರುವರ್ಷದಿಂದ 1807ರವರೆಗೆ ಬಳ್ಳಾರಿ ಸೇರಿದಂತೆ ಬ್ರಿಟಿಷರಿಗೆ ಬಿಟ್ಟುಕೊಟ್ಟ ದತ್ತ ಜಿಲ್ಲೆಗಳಲ್ಲಿದ್ದ. ಅವನು ಬೆಳೆಸಿದ ರೈತವಾರಿ ಪದ್ಧತಿಯಲ್ಲಿ ಜಮೀನ್ದಾರನ ಮಧ್ಯಸ್ಥಿಕೆ ಇಲ್ಲ, ಸರ್ಕಾರ ಒಬ್ಬೊಬ್ಬ ರೈತನೊಡನೆಯೂ ನೇರ ಲೆಕ್ಕ ಇಡುತ್ತದೆ. ಹೀಗಾಗಿ ಪ್ರತಿ ವರ್ಷ ಪ್ರತಿ ಊರಿನ ಕಡತ ಬಿಚ್ಚಲೇಬೇಕಾಯಿತು.

ಅಧಿಕಾರಿಯ ಬಿಡಾರ ಬಿದ್ದಲ್ಲಿಗೆ ಶಾನುಭೋಗರು ಕಡತದ ಗಂಟು ಹೊತ್ತು ಬರುತ್ತಿದ್ದರು, ಜೊತೆಗೆ ಪಟೇಲರು. ಯಾವ ಹೊಲ ಸಾಗುವಳಿಯಾಗಿದೆ, ಯಾವುದು ಬೀಳು, ಯಾವುದು ಇನಾಮು, ಎಲ್ಲಿ ಬೆಳೆ ಒಣಗಿದೆ ಎಂಬುದನ್ನು ಒಂದೊಂದಾಗಿ ಓದಿಸುತ್ತಿದ್ದರು. ಬೆಳೆ ಕೈಕೊಟ್ಟವರಿಗೆ ಮಾಫಿ ಸಿಗುವುದೂ ತಪ್ಪುವುದೂ ಈ ಹೊತ್ತಿನಲ್ಲೇ. ಕೊನೆಗೆ ಉಳಿಯುತ್ತಿದ್ದವು ಮೂರು ಅಂಕಿ: ಜಮಾ, ವಸೂಲು, ಬಾಕಿ. ಅಕ್ಷರ ಬಾರದ ರೈತನಿಗೆ ತನ್ನ ಹೆಸರಿನ ಮುಂದೆ ಏನು ಬರೆದಿದೆಯೆಂದು ತಿಳಿಯಲು ಶಾನುಭೋಗರ ಬಾಯಿಯೇ ಗತಿ. ಈ ವ್ಯವಸ್ಥೆಯ ದೊಡ್ಡ ಊನ ಅದೇ.

ಕಂದಾಯದ ಮೊತ್ತದಷ್ಟೇ ಕಾಡಿದ್ದು ಅದರ ಗಡುವು. ಕಂದಾಯವನ್ನು ಕಿಸ್ತುಗಳಲ್ಲಿ ಕಟ್ಟಬೇಕಿತ್ತು. ಬೆಳೆ ಮಾರುವ ಮುನ್ನವೇ ಕಿಸ್ತಿನ ದಿನ ಬಂದರೆ ರೈತ ಸಾಹುಕಾರನ ಮನೆ ಬಾಗಿಲಿಗೆ ಹೋಗಬೇಕು, ಇಲ್ಲವೇ ಕಣದಲ್ಲಿದ್ದ ಕಾಳನ್ನು ಸಿಕ್ಕ ಬೆಲೆಗೆ ಕೊಡಬೇಕು. ತಿಂಗಳೊಪ್ಪತ್ತಿನ ಹೆಚ್ಚುಕಡಿಮೆ ಒಂದು ಮನೆತನವನ್ನೇ ಸಾಲದಲ್ಲಿ ಮುಳುಗಿಸಬಲ್ಲುದಾಗಿತ್ತು. 1830–31ರಲ್ಲಿ ಮೈಸೂರು ಸಂಸ್ಥಾನದ ನಗರ ಸೀಮೆಯಲ್ಲೂ ಕನ್ನಡ ಜಿಲ್ಲೆಯಲ್ಲೂ ರೈತರು ಕೂಟ ಸೇರಿ ಕಂದಾಯ ಕಟ್ಟಲು ನಿರಾಕರಿಸಿದರು. ನಗರದ ದಂಗೆಯನ್ನು ಕಾರಣ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅಲ್ಲಿ ಭೂಮಾಪನ ಮತ್ತು ಕಂದಾಯ ನಿಗದಿಯ ಕೆಲಸ 1863ರಲ್ಲಿ ಶುರುವಾಯಿತು.

ಖರ್ಚಿನ ಮಾತು ಸರ್ಕಾರದ ಕಡೆಯಿಂದ ತಡವಾಗಿ ಬಂತು. ಧಾರವಾಡ, ಬೆಳಗಾವಿಗಳಿದ್ದ ಮುಂಬಯಿ ಪ್ರಾಂತ್ಯದಲ್ಲಿ 1860ರ ದಶಕದಲ್ಲಿ ಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರ ಸೇರಿಸಿ, ಅದರ ಮೂರನೆಯ ಒಂದು ಪಾಲನ್ನು ಶಾಲೆಗಳಿಗೆ ಮೀಸಲಿಟ್ಟರು.

ಆಡಳಿತ ಮರಳಿ ಅರಸರ ಕೈಗೆ ಬಂದ ಮೇಲೆ ಮೈಸೂರಿನಲ್ಲಿ ಇನ್ನೂ ದೊಡ್ಡ ಹೆಜ್ಜೆಯಿಟ್ಟವರು ದಿವಾನ್ ರಂಗಾಚಾರ್ಲು. 1876–78ರ ಬರ ಸಂಸ್ಥಾನದ ತಲೆಯ ಮೇಲೆ 80 ಲಕ್ಷ ರೂಪಾಯಿ ಸಾಲ ಹೊರಿಸಿ ಹೋಗಿತ್ತು. ವರ್ಷದ ಆದಾಯ ಸುಮಾರು ಒಂದು ಕೋಟಿ, ಅದರಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷ ಬ್ರಿಟಿಷರಿಗೆ ಪೊಗದಿ. ಇಂಥ ಹೊತ್ತಿನಲ್ಲಿ, 1881ರ ಅಕ್ಟೋಬರ್ 7ರಂದು, ತಾಲ್ಲೂಕುಗಳಿಂದ ಬಂದ ರೈತರನ್ನೂ ವರ್ತಕರನ್ನೂ ಕೂರಿಸಿಕೊಂಡು ರಂಗಾಚಾರ್ಲು ಆಡಳಿತದ ವರದಿ ಒಪ್ಪಿಸಿದರು. ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ ಅದು. ಸದಸ್ಯರಿಗೆ ಆಗ ಮತ ಹಾಕುವ ಅಧಿಕಾರವಿರಲಿಲ್ಲ, ಅಹವಾಲು ಹೇಳಿಕೊಳ್ಳಬಹುದಿತ್ತು ಅಷ್ಟೆ. ಆದರೂ ಕಂದಾಯ ಕಟ್ಟುವವನ ಎದುರು ಸರ್ಕಾರ ತನ್ನ ಆಡಳಿತದ ವಿವರ ಕೊಟ್ಟ ಆ ದಿನ ನಮ್ಮ ತೆರಿಗೆಯ ಚರಿತ್ರೆಯಲ್ಲಿ ಬಹು ದೊಡ್ಡದು. 1923ರ ಕಾಯ್ದೆ ಸಭೆಗೆ ಶಾಸನಬದ್ಧ ಸ್ಥಾನ ಕೊಟ್ಟಿತು.

ಇತ್ತ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರಗಳಲ್ಲಿ 1930ರ ದಶಕದ ಆರಂಭದಲ್ಲಿ ಕರನಿರಾಕರಣೆ ನಡೆಯಿತು. ಹೊಲಮನೆ ಜಪ್ತಿಯಾದರೂ ಅಲ್ಲಿನ ರೈತರು ಬಗ್ಗಲಿಲ್ಲ. ತಮ್ಮ ಒಪ್ಪಿಗೆಯಿಲ್ಲದ ಸರ್ಕಾರಕ್ಕೆ ಕಂದಾಯವೇಕೆ ಎಂಬ ಪ್ರಶ್ನೆಗೆ ಅವರು ತೆತ್ತ ಬೆಲೆ ಇನ್ನೂ ಹೆಚ್ಚು ಜನಕ್ಕೆ ತಿಳಿಯಬೇಕು.

ಸ್ವಾತಂತ್ರ್ಯಾನಂತರ 1961ರ ಕಾಯ್ದೆ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳನ್ನು ರದ್ದು ಮಾಡಿತು. 1993ರ ಪಂಚಾಯತ್ ರಾಜ್ ಅಧಿನಿಯಮ ಮನೆಗಂದಾಯ, ನೀರಿನ ಕರಗಳನ್ನು ಗ್ರಾಮ ಪಂಚಾಯಿತಿಗೆ ವಹಿಸಿತು. ಪಂಚಾಯಿತಿ ಜಮಾಬಂದಿಗೆ 2000ದಲ್ಲಿ ನಿಯಮಗಳು ಬಂದವು. ಅವುಗಳಂತೆ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ, ಮಾರ್ಚ್ ಕೊನೆಗೆ ಮುಗಿದ ವರ್ಷದ ಲೆಕ್ಕ ಊರವರ ಮುಂದೆ ಬರಬೇಕು.

ಅಲ್ಲಿ ನೋಡಬೇಕಾದ ಪುಸ್ತಕಗಳು ಹಲವು. ಡಿಸಿಬಿ ವಹಿಯಲ್ಲಿ ಬೇಡಿಕೆ, ವಸೂಲಿ, ಬಾಕಿ ಎಂಬ ಹಳೆಯ ಮೂರು ಅಂಕಣಗಳೇ ಇರುತ್ತವೆ. ನಗದು ಪುಸ್ತಕ ದುಡ್ಡು ಯಾರ ಕೈಸೇರಿತೆಂದು ಹೇಳುತ್ತದೆ. ಚರಂಡಿ ಎಷ್ಟು ಉದ್ದವಿದೆ, ರಸ್ತೆಗೆ ಎಷ್ಟು ದಪ್ಪ ಕಾಂಕ್ರೀಟು ಹಾಕಿದ್ದಾರೆ ಎಂಬುದು ಅಳತೆ ಪುಸ್ತಕದಲ್ಲಿ. ಕಾಗದದ ಅಳತೆಗೂ ನೆಲದ ಅಳತೆಗೂ ತಾಳೆಯಿದೆಯೇ ಎಂದು ಕಾಮಗಾರಿಯ ಜಾಗಕ್ಕೇ ಹೋಗಿ ನೋಡುವುದು ಜಮಾಬಂದಿಯ ಜೀವಾಳ. ಜನ ಬಾರದಿದ್ದರೆ, ಬಂದರೂ ಪ್ರಶ್ನೆ ಕೇಳದಿದ್ದರೆ, ಅದು ಸಹಿ ಹಾಕಿ ಮುಗಿಸುವ ಶಾಸ್ತ್ರವಾಗುತ್ತದೆ. ಮನೆಗಂದಾಯದ ರಸೀದಿ ಇಟ್ಟುಕೊಂಡು ಬಂದವರು ತಮ್ಮ ಬೀದಿಯ ಚರಂಡಿಯ ಪುಟ ತೆಗೆಸಿ, ಟೇಪು ಹಿಡಿದು ಅಳೆಸಬಹುದು.