ಕಿತ್ತೂರಿನ ದೂರವಾಣಿ ಪರ್ವ

1980ರ ಸುಮಾರಿಗೆ ಭಾರತದ ಜನಸಂಖ್ಯೆ 70 ಕೋಟಿಗೆ ಸಮೀಪಿಸಿತ್ತು. ಇಷ್ಟು ಜನರಿಗಿದ್ದ ದೂರವಾಣಿಗಳು ಸುಮಾರು 25 ಲಕ್ಷ ಮಾತ್ರ. ಅವುಗಳಲ್ಲಿ ಬಹುಪಾಲು ದೊಡ್ಡ ನಗರಗಳ ಸೊತ್ತು. ನೂರಕ್ಕೆ 97 ಹಳ್ಳಿಗಳಲ್ಲಿ ಫೋನಿನ ಸುಳಿವೇ ಇರಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಅಂಚೆ ಕಚೇರಿಯ ಬೆಂಚಿನ ಮೇಲೆ ಕಾದು ಕೂತವನಿಗೆ ಲೈನು ಸಿಗುವಷ್ಟರಲ್ಲಿ ಪೇಟೆಯ ಧಾರಣೆ ಏರಿಳಿದಿರುತ್ತಿತ್ತು. ದರ ತಿಳಿಯದ ರೈತ ದಲ್ಲಾಳಿ ಹೇಳಿದ್ದಕ್ಕೇ ಮಾಲು ಒಪ್ಪಿಸಿ ಊರಿಗೆ ಮರಳುತ್ತಿದ್ದ. ಆದರೂ ಹಸಿದ ದೇಶಕ್ಕೆ ಫೋನೇಕೆ ಎಂಬ ವಾದಕ್ಕೇ ಆಗ ಮನ್ನಣೆಯಿತ್ತು.

ಆ ವಾದವನ್ನು ಒಪ್ಪದವರು ಒಡಿಶಾದ ಟಿಟ್ಲಾಗಢದಲ್ಲಿ ಹುಟ್ಟಿ, ಅಮೆರಿಕದಲ್ಲಿ ಡಿಜಿಟಲ್ ಸ್ವಿಚಿಂಗ್ ತಂತ್ರಜ್ಞರಾಗಿ ಹೆಸರು ಮಾಡಿದ್ದ ಸ್ಯಾಮ್ ಪಿತ್ರೋಡಾ. 1984ರ ಆಗಸ್ಟ್‌ನಲ್ಲಿ ಅವರ ಒತ್ತಾಸೆಯಿಂದ, ಕರೆಗಳನ್ನು ಜೋಡಿಸುವ ಎಕ್ಸ್‌ಚೇಂಜುಗಳನ್ನು ದೇಶದಲ್ಲೇ ರೂಪಿಸಲು ಸಿ-ಡಾಟ್ ಎಂಬ ಸರಕಾರಿ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಅದಕ್ಕೆ ಕೊಟ್ಟ ಹಣ 36 ಕೋಟಿ ರೂಪಾಯಿ, ಗಡುವು 36 ತಿಂಗಳು. ದೆಹಲಿ ಮತ್ತು ಬೆಂಗಳೂರಿನಲ್ಲಿ ಎಳೆಯ ಎಂಜಿನಿಯರುಗಳು ಹಗಲಿರುಳೆನ್ನದೆ ದುಡಿದರು.

ಪರದೇಶದ ಎಕ್ಸ್‌ಚೇಂಜುಗಳು ಸಾವಿರಾರು ಲೈನುಗಳ ನಗರಗಳಿಗೆಂದೇ ರೂಪುಗೊಂಡಿದ್ದವು; ಹವಾನಿಯಂತ್ರಣವಿಲ್ಲದೆ ಅವು ಬದುಕುತ್ತಿರಲಿಲ್ಲ. ಕರೆಂಟಿನ ನೆಚ್ಚಿಕೆಯೇ ಇಲ್ಲದ ಹಳ್ಳಿ ಅವನ್ನು ಸಾಕುವುದು ಹೇಗೆ? ಸಿ-ಡಾಟ್‌ನವರು ಕಡಿಮೆ ವಿದ್ಯುತ್ ಬೇಡುವ ಬಿಡಿಭಾಗಗಳನ್ನು ಆರಿಸಿಕೊಂಡು, ಅವುಗಳ ನಡುವೆ ಗಾಳಿಯಾಡಲು ಎಡೆ ಬಿಟ್ಟರು. ತಳದಿಂದ ಸೋಸಿ ಒಳಬಂದ ಗಾಳಿ ಬಿಸಿಯಾಗಿ ತಾನಾಗಿ ಮೇಲೇರುತ್ತಿತ್ತು. ಮೂರಡಿ ಎತ್ತರದ ಆ ಲೋಹದ ಪೆಟ್ಟಿಗೆ ಬಿಸಿಲು, ಧೂಳು, ಮಳೆಗಾಲ ಯಾವುದಕ್ಕೂ ಬಗ್ಗಲಿಲ್ಲ. ರ್‍ಯಾಕ್ಸ್ ಎಂಬ ಹೆಸರಿನ, 128 ಪೋರ್ಟುಗಳ ಈ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊದಲ ಬಾರಿಗೆ ಸೇವೆಗಿಳಿದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಚೆನ್ನಮ್ಮನ ನಾಡಿಗೆ ಸಂದ ಈ ಗೌರವವನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕು.

ಸಿ-ಡಾಟ್ ಈ ವಿದ್ಯೆಯನ್ನು ಬಚ್ಚಿಡದೆ ಕಾರ್ಖಾನೆಗಳಿಗೆ ಹಂಚಿತು. ಎಕ್ಸ್‌ಚೇಂಜುಗಳು ಊರೂರಿಗೆ ಹಬ್ಬಿದವು. ಬೆನ್ನಿಗೇ ಹಳದಿ ಫಲಕದ ಎಸ್‌ಟಿಡಿ ಬೂತುಗಳು ಬಂದು, ಕಮಿಷನ್ನಿನ ಮೇಲೆ ಸಾವಿರಾರು ಸಂಸಾರಗಳು ನಡೆದವು. ಅಂಗವಿಕಲರೆಷ್ಟೋ ಮಂದಿ ಸ್ವಂತ ದುಡಿಮೆಯ ಅನ್ನ ಉಂಡರು. ವ್ಯಾಪಾರಿ ಲಾರಿ ಕಳಿಸುವ ಮೊದಲೇ ಧಾರಣೆ ಕೇಳಿದ. ಪಂಪು ಕೆಟ್ಟರೆ ಮೆಕ್ಯಾನಿಕ್ಕನ್ನು ಕರೆಯಲು ಪೇಟೆಗೆ ಹೋಗುವ ಬಸ್ಸಿನ ಖರ್ಚು, ಒಂದು ದಿನದ ಕೂಲಿ ಎರಡೂ ಉಳಿದವು.

ಎಷ್ಟು ಮನೆಗಳಲ್ಲಿ ಫೋನಿದೆ ಎಂಬುದಕ್ಕಿಂತ ಎಷ್ಟು ಜನರ ಕೈಗೆ ಅದು ಎಟುಕುತ್ತದೆ ಎಂಬುದೇ ಮುಖ್ಯ. ಆ ಪೀಳಿಗೆ ಕಂಡುಕೊಂಡ ಸತ್ಯವಿದು. ಸುದ್ದಿ ಉಳ್ಳವರ ಕೈಯಲ್ಲೇ ಉಳಿದಷ್ಟು ಕಾಲ ಲಾಭವೂ ಅವರಲ್ಲೇ ಉಳಿಯುತ್ತದೆ. ಬಡವನ ಬೆಳೆಗೆ ನ್ಯಾಯವಾದ ಬೆಲೆ ಸಿಗಬೇಕಾದರೆ ಆ ಬೆಲೆ ಮೊದಲು ಅವನ ಕಿವಿಗೆ ಬೀಳಬೇಕು.