ಬಾಗಿದ ಮೈಮೇಲೆ ಉಬ್ಬಕ್ಷರ: ಮೇಣದ ಪಟ್ಟಿಯಿಂದ ಗಣಕದ ತೆರೆಯವರೆಗೆ

ಭೀಮರಾಯನಗುಡಿ, ಶಹಾಪುರ, ಸುರಪುರದ ಕಡೆಯಿಂದ ವಿಜಯಪುರಕ್ಕೆ ಪ್ರವಾಸ ಹೋದ ವಿದ್ಯಾರ್ಥಿಗಳು ಗೋಲಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳುತ್ತಾರೆ. ಆಮೇಲೆ ಶೇರ್ಜಾ ಬುರುಜನ್ನು ಹತ್ತಿ ಮಲಿಕ್-ಎ-ಮೈದಾನ್ ತೋಪಿನ ಮುಂದೆ ನಿಲ್ಲುತ್ತಾರೆ. ತೂಕವೆಷ್ಟು, ಗುಂಡು ಎಷ್ಟು ದೂರ ಹೋಗುತ್ತಿತ್ತು ಎಂದು ಎಲ್ಲರೂ ಕೇಳುತ್ತಾರೆ. ಆ ದುಂಡು ಮೈಮೇಲೆ ಉಬ್ಬಿ ನಿಂತಿರುವ ಅಕ್ಷರಗಳು ಸೊಟ್ಟಗಾಗದೆ ಹೇಗೆ ಕುಳಿತವು ಎಂದು ಕೇಳುವವರು ಕಡಿಮೆ. ಇಂದು ಔಷಧದ ಬಾಟಲಿಗೋ ವಾಹನದ ಟೈರಿಗೋ ಗಣಕದಲ್ಲಿ ಉಬ್ಬಕ್ಷರ ಕೂಡಿಸುವ ವಿನ್ಯಾಸಕಾರನ ಮುಂದಿರುವುದೂ ಇದೇ ಪ್ರಶ್ನೆ. ತಂತ್ರಾಂಶದಲ್ಲಿ ಅದಕ್ಕೊಂದು ಗುಂಡಿ ಇದೆ, ಒತ್ತಿದರೆ ಕೆಲಸವಾಗುತ್ತದೆ. ಕೆಲವು ಮೇಲ್ಮೈಗಳ ಮೇಲೆ ಮಾತ್ರ ಅದು ಮೊಂಡು ಹಿಡಿಯುತ್ತದೆ. ಯಾಕೆ ಎಂಬುದನ್ನು ತಿಳಿಯಲು ತೋಪಿನಿಂದಲೇ ಆರಂಭಿಸೋಣ.

ಈ ತೋಪನ್ನು ಎರಕ ಹೊಯ್ದದ್ದು 1549ರಲ್ಲಿ, ಅಹ್ಮದನಗರದಲ್ಲಿ. ಎರಕದವನ ಹೆಸರು ಮುಹಮ್ಮದ್ ಬಿನ್ ಹಸನ್ ರೂಮಿ. 'ರೂಮಿ' ಎಂಬುದು ಆ ಕಾಲದಲ್ಲಿ ತುರ್ಕಿ ಸಾಮ್ರಾಜ್ಯದ ಕಡೆಯವರಿಗೆ ಸಲ್ಲುತ್ತಿದ್ದ ಹೆಸರು. ಮುಂದೆ 17ನೆಯ ಶತಮಾನದಲ್ಲಿ ತೋಪು ಆದಿಲ್‌ಶಾಹಿಗಳ ಕೈಸೇರಿ ವಿಜಯಪುರಕ್ಕೆ ಬಂದಿತು. ಉದ್ದ ಸುಮಾರು 4.4 ಮೀಟರ್, ಹೊರವ್ಯಾಸ ಸುಮಾರು 1.5 ಮೀಟರ್, ಒಳರಂಧ್ರ ಸುಮಾರು 70 ಸೆಂ.ಮೀ., ತೂಕ ಸುಮಾರು 55 ಟನ್. ಬಾಯಿಯನ್ನು ದವಡೆ ತೆರೆದ ಸಿಂಹದಂಥ ಮೃಗದ ಮುಖವಾಗಿ ರೂಪಿಸಿದ್ದಾರೆ. ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಇಂಥದ್ದನ್ನು 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಹರಾಜಿಗಿಟ್ಟಿದ್ದರು, ಬಂದ ಹೆಚ್ಚಿನ ಬೇಡಿಕೆ 150 ರೂಪಾಯಿ! ಸ್ಥಳೀಯ ಅಧಿಕಾರಿಯೊಬ್ಬರು ವರದಿ ಬರೆದದ್ದರಿಂದ ಮಾರಾಟ ರದ್ದಾಯಿತು. ಇಲ್ಲವಾದರೆ ಇದು ಎಂದೋ ಕರಗಿ ಪಾತ್ರೆಯಾಗುತ್ತಿತ್ತು.

ಲೋಹದಲ್ಲಿ ಸುಮಾರು 80 ಭಾಗ ತಾಮ್ರ, 20 ಭಾಗ ತವರ. ತೋಪಿಗೆ ಸಾಮಾನ್ಯವಾಗಿ ಬಳಸುತ್ತಿದ್ದ ಕಂಚಿನಲ್ಲಿ ತವರ ಇದರ ಅರ್ಧದಷ್ಟಿರುತ್ತದೆ. ಇದು ಗಂಟೆಯ ಕಂಚು. ಬಡಿದರೆ ನಾದ ಕೊಡುತ್ತದೆ, ಗಟ್ಟಿಯಾಗಿರುತ್ತದೆ, ಜೊತೆಗೆ ಪೆಡಸು ಕೂಡ. ಇಂಥ ಲೋಹದಲ್ಲಿ ಉಳಿಯಿಂದ ಅಕ್ಷರ ಕೊರೆಯುವುದು ಕಷ್ಟ. ಕೊರೆದರೂ ಅಪಾಯವಿದೆ. ಸಿಡಿಮದ್ದು ಹೊತ್ತಿದಾಗ ಕೊಳವೆಯ ಗೋಡೆ ಸುತ್ತಳತೆಯ ದಿಕ್ಕಿನಲ್ಲಿ ಹಿಗ್ಗಲು ಎಳೆಯಲ್ಪಡುತ್ತದೆ, ಚೂಪಾದ ತಗ್ಗಿನ ತಳದಲ್ಲಿ ಆ ಎಳೆತದ ಪೀಡನ ಹಲವು ಪಟ್ಟು ಹೆಚ್ಚುತ್ತದೆ. ಗೋಡೆ 40 ಸೆಂ.ಮೀ. ದಪ್ಪವಿದೆಯಲ್ಲ ಎನ್ನಬಹುದು. ಆದರೆ ಪೆಡಸು ಲೋಹದಲ್ಲಿ ಬಿರುಕು ಹುಟ್ಟುವುದು ಮೂಲೆ ಚೂಪಾಗಿದ್ದಲ್ಲಿ. ಅಕ್ಷರವನ್ನು ಕೊರೆಯುವ ಬದಲು ಉಬ್ಬಿಸಿದರೆ ಗೋಡೆ ತೆಳುವಾಗುವುದಿಲ್ಲ, ಬುಡವನ್ನು ಸ್ವಲ್ಪ ದುಂಡಾಗಿಸಿದರೆ ಪೀಡನವೂ ಹೆಚ್ಚು ಕೂಡಿಕೊಳ್ಳುವುದಿಲ್ಲ. ಇಂದಿನ ವಿನ್ಯಾಸಕಾರ ಉಬ್ಬಿನ ಬುಡಕ್ಕೆ ದುಂಡಂಚು ಕೊಡುವುದೂ ಇದೇ ಕಾರಣಕ್ಕೆ.

ಉಬ್ಬಿಸುವುದಾದರೆ ಅಚ್ಚಿನಲ್ಲೇ ಉಬ್ಬಿಸಬೇಕು. ಕಲಬುರಗಿ ಕೋಟೆಯ ಬಾರಾ ಗಜ್ ತೋಪಿನಂತೆ ಕಬ್ಬಿಣದ ಪಟ್ಟಿ, ಬಳೆಗಳನ್ನು ಕಾಯಿಸಿ ಬಡಿದು ಬೆಸೆದ ತೋಪುಗಳಲ್ಲಿ ಈ ಅವಕಾಶವಿಲ್ಲ. ಎರಕದ ಕಂಚಿಗೆ ಮಾತ್ರ ಇದೆ. ಆ ಕಾಲದ ಎರಕದ ವಿಧಾನವನ್ನು ಇಟಲಿಯ ಬಿರಿಂಗುಚ್ಚಿಯೊ ಬರೆದಿಟ್ಟಿದ್ದಾನೆ. ಅವನ 'ಪಿರೊಟೆಕ್ನಿಯಾ' 1540ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಮರದ ಕಂಬಕ್ಕೆ ಹಗ್ಗ ಸುತ್ತಿ ಜೇಡಿಮಣ್ಣು ಮೆತ್ತುತ್ತಾರೆ. ತೋಪಿನ ಹೊರರೇಖೆಗೆ ಸರಿಯಾಗಿ ಕತ್ತರಿಸಿದ ಹಲಗೆಯನ್ನು ತಾಗಿಸಿಟ್ಟು ಕಂಬವನ್ನು ತಿರುಗಿಸುತ್ತಾರೆ, ಕುಂಬಾರನ ತಿಗರಿಯನ್ನು ಅಡ್ಡ ಮಲಗಿಸಿದಂತೆ. ಮಾದರಿ ಸಿದ್ಧವಾದ ಮೇಲೆ ಅಲಂಕಾರವನ್ನು ಬೇರೆ ಅಚ್ಚಿನಲ್ಲಿ ಮೇಣದಿಂದ ತೆಗೆದು ಅದರ ಮೈಗೆ ಅಂಟಿಸುತ್ತಾರೆ. ಇದರ ಮೇಲೆ ಮತ್ತೆ ಮಣ್ಣಿನ ಪದರ, ಕಬ್ಬಿಣದ ಪಟ್ಟಿ, ಕೆಳಗೆ ಬೆಂಕಿ. ಮೇಣ ಕರಗಿ ಹೋಗುತ್ತದೆ, ಒಳಗಿನ ಮಾದರಿಯನ್ನು ಒಡೆದು ತೆಗೆಯುತ್ತಾರೆ, ಹೊರಗಿನ ಅಚ್ಚಿನ ಒಳಮೈಯಲ್ಲಿ ಅಕ್ಷರದ ತಗ್ಗು ಉಳಿಯುತ್ತದೆ. ಕರಗಿದ ಕಂಚು ಆ ತಗ್ಗು ತುಂಬಿ ಉಬ್ಬಾಗುತ್ತದೆ.

ಇಲ್ಲಿ ಮೇಣದ ಪಟ್ಟಿಯನ್ನು ಗಮನಿಸಿ. ಅದನ್ನು ಸಮತಲದಲ್ಲಿ ಮಾಡಿ ಬಾಗಿದ ಮೈಗೆ ಸುತ್ತಿದರೆ ಎಷ್ಟು ಹಿಗ್ಗುತ್ತದೆ? ದಪ್ಪ 1 ಸೆಂ.ಮೀ., ತೋಪಿನ ತ್ರಿಜ್ಯ 75 ಸೆಂ.ಮೀ. ಎಂದುಕೊಳ್ಳಿ. ಪಟ್ಟಿಯ ನಡುಪದರ ಹಿಗ್ಗುವುದಿಲ್ಲ. ಹೊರಪದರ ಅರ್ಧ ಸೆಂ.ಮೀ. ಆಚೆಗಿದೆ. ಹಿಗ್ಗುವಿಕೆ 0.5ನ್ನು 75ರಿಂದ ಭಾಗಿಸಿದಷ್ಟು, ಅಂದರೆ ಶೇಕಡಾ 0.7. ಕಣ್ಣಿಗೆ ಕಾಣದು. ಅದೇ ಪಟ್ಟಿಯನ್ನು 4 ಸೆಂ.ಮೀ. ತ್ರಿಜ್ಯದ ಲೋಟಕ್ಕೆ ಸುತ್ತಿದರೆ ಶೇಕಡಾ 12 ದಾಟುತ್ತದೆ, ಅಕ್ಷರ ಬಿರಿಯಲೂಬಹುದು. ಆದರೆ ಎರಡರಲ್ಲೂ ಸುಕ್ಕಿನ ತೊಂದರೆ ಇಲ್ಲ. ಮೃಗದ ಮುಖದ ಕೆನ್ನೆ, ಹುಬ್ಬುಗಳಿಗೆ ಬಂದಾಗ ಮಾತ್ರ ಪಟ್ಟಿ ಒಗ್ಗುವುದಿಲ್ಲ. ಅಲ್ಲಿ ರೂಪವನ್ನು ಅಲ್ಲಲ್ಲೇ ಕೈಯಿಂದ ತಿದ್ದಬೇಕು.

ಎರಕದವರಿಗೆ ಕೈಯಲ್ಲಿ ಗೊತ್ತಿದ್ದ ಈ ಭೇದಕ್ಕೆ ಗಣಿತದ ಕಾರಣ ಕೊಟ್ಟವನು ಗೌಸ್, 1827ರಲ್ಲಿ. ಮೇಲ್ಮೈಯ ಯಾವುದೇ ಬಿಂದುವಿನಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬಾಗಿರುವ ಎರಡು ದಿಕ್ಕುಗಳಿರುತ್ತವೆ. ಆ ಎರಡು ವಕ್ರತೆಗಳ ಗುಣಲಬ್ಧವೇ ಗೌಸ್ ವಕ್ರತೆ. ಹಿಗ್ಗಿಸದೆ, ಹರಿಯದೆ ಮೇಲ್ಮೈಯನ್ನು ಹೇಗೆ ಬಗ್ಗಿಸಿದರೂ ಈ ಗುಣಲಬ್ಧ ಬದಲಾಗದು ಎಂಬುದು ಅವನ ಪ್ರಮೇಯ. ಕೊಳವೆಯ ಉದ್ದಕ್ಕೆ ಬಾಗಿಲ್ಲ, ಆದ್ದರಿಂದ ಗುಣಲಬ್ಧ ಸೊನ್ನೆ, ಕಾಗದದ್ದೂ ಸೊನ್ನೆ. ಅದಕ್ಕೇ ಕಾಗದ ಕೊಳವೆಗೆ ನೀಟಾಗಿ ಸುತ್ತಿಕೊಳ್ಳುತ್ತದೆ, ಶಂಕುವಿಗೂ ಅಷ್ಟೆ. ಗೋಳದ ಗುಣಲಬ್ಧ ಸೊನ್ನೆಯಲ್ಲ. ತರಗತಿಯಲ್ಲಿ ಹೀಗೆ ಮಾಡಿ ತೋರಿಸಬಹುದು: 10 ಸೆಂ.ಮೀ. ತ್ರಿಜ್ಯದ ಚೆಂಡಿಗೆ 5 ಸೆಂ.ಮೀ. ತ್ರಿಜ್ಯದ ಕಾಗದದ ಬಿಲ್ಲೆ ಅಂಟಿಸಿ. ಬಿಲ್ಲೆಯ ಪರಿಧಿ 31.4 ಸೆಂ.ಮೀ. ಚೆಂಡಿನ ಮೈಮೇಲೆ ಅಷ್ಟೇ ದೂರದಲ್ಲಿರುವ ವೃತ್ತದ ಪರಿಧಿ 30.1 ಸೆಂ.ಮೀ. ಉಳಿದ 1.3 ಸೆಂ.ಮೀ. ಕಾಗದ ಸುಕ್ಕಾಗಿಯೇ ತೀರಬೇಕು. ಗೋಲಗುಮ್ಮಟದ ಬುಡದಲ್ಲಿ ಕಮಲದ ದಳಗಳನ್ನು ನೋಡಿರುತ್ತೀರಿ. ಬಾಗಿದ ಮೈಗೆ ಒಂದೇ ಅಗಲ ಹಾಳೆಯನ್ನು ಹೊದಿಸುವ ಬದಲು ಕಿರಿದಾದ ದಳಗಳಾಗಿ ಒಡೆದರೆ ಪ್ರತಿ ದಳದಲ್ಲಿ ಉಳಿಯುವ ದೋಷ ಚಿಕ್ಕದು. ಭೂಗೋಲ ಮಾಡುವವರು ನಕ್ಷೆಯನ್ನು ಕಿತ್ತಳೆಯ ತೊಳೆಗಳಂತೆ ಕತ್ತರಿಸಿ ಅಂಟಿಸುವುದೂ ಈ ಉಪಾಯವೇ.

ಗಣಕಕ್ಕೆ ಬಾಗಿದ ಮೈಯನ್ನು ಹೇಳಿಕೊಟ್ಟವರು ಕಾರು ತಯಾರಿಸುವವರು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ ಡಿ ಕ್ಯಾಸ್ಟಲ್‌ಜೊ 1959ರಲ್ಲಿ ವಿಧಾನ ಕಂಡುಕೊಂಡ. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೊ ಕಂಪನಿಯ ಬೆಜಿಯೆ 1960ರ ದಶಕದಲ್ಲಿ ಸ್ವತಂತ್ರವಾಗಿ ಅದನ್ನೇ ಮಾಡಿ ಪ್ರಕಟಿಸಿದ್ದರಿಂದ ರೇಖೆಗಳಿಗೆ ಅವನ ಹೆಸರು ನಿಂತಿತು. ಇಂದಿಗೂ ವಿನ್ಯಾಸ ತಂತ್ರಾಂಶಗಳ ಬೆನ್ನೆಲುಬಾದ ನರ್ಬ್ಸ್ ಮೇಲ್ಮೈಗಳನ್ನು ವರ್ಸ್‌ಪ್ರಿಲ್ 1975ರ ತನ್ನ ಪ್ರಬಂಧದಲ್ಲಿ ವಿವರಿಸಿದ. ಆ ವೇಳೆಗೆ ಚಿತ್ರ ಬಿಡಿಸುವ ಗಣಕಗಳ ಕಡೆ ಇನ್ನೊಂದು ದಾರಿ ತೆರೆದಿತ್ತು. ಕ್ಯಾಟ್ಮಲ್ 1974ರಲ್ಲಿ ಬಾಗಿದ ಮೈಗೆ ಚಿತ್ರ ಹೊದಿಸಿದ. 1978ರಲ್ಲಿ ಬ್ಲಿನ್ ಬೆಳಕಿನ ಲೆಕ್ಕವನ್ನಷ್ಟೇ ಬದಲಿಸಿ ಉಬ್ಬಿಲ್ಲದೆಯೇ ಉಬ್ಬು ಕಾಣುವಂತೆ ಮಾಡಿದ. ಅಂಚನ್ನು ನೋಡಿದರೆ ಗುಟ್ಟು ರಟ್ಟಾಗುತ್ತದೆ, ಅಂಚು ನುಣುಪಾಗಿಯೇ ಇರುತ್ತದೆ. 1984ರಲ್ಲಿ ಕುಕ್ ಬಿಂದುಗಳನ್ನೇ ಸರಿಸುವ ವಿಧಾನ ತಂದ. ಸಿನಿಮಾಕ್ಕೆ ಮೋಸ ಸಾಕು. ಬಾಟಲಿಯ ಅಚ್ಚಿಗೆ ನಿಜವಾದ ಉಬ್ಬೇ ಬೇಕು.

ತಂತ್ರಾಂಶ ಇದನ್ನು ಎರಡು ಬಗೆಯಲ್ಲಿ ಮಾಡುತ್ತದೆ. ಒಂದು, ಚಿತ್ರವನ್ನು ಎದುರಿನಿಂದ ನೆರಳು ಬಿಟ್ಟಂತೆ ಮೈಮೇಲೆ ಬೀಳಿಸುವುದು. ಕೊಳವೆಯ ನಡುವೆ ಅಕ್ಷರ ಸರಿಯಾಗಿರುತ್ತದೆ. 60 ಡಿಗ್ರಿ ಪಕ್ಕಕ್ಕೆ ಸರಿದರೆ 1 ಸೆಂ.ಮೀ. ಅಗಲದ ಅಕ್ಷರ 2 ಸೆಂ.ಮೀ. ಆಗುತ್ತದೆ. ಇನ್ನೊಂದು, ಮೇಣದ ಪಟ್ಟಿಯಂತೆ ಸುತ್ತುವುದು. ಉದ್ದಗಳು ಉಳಿಯುತ್ತವೆ. ಹಲವು ತಂತ್ರಾಂಶಗಳಲ್ಲಿ ಬಹುಕಾಲ ಈ ಸುತ್ತುವ ಗುಂಡಿ ಕೊಳವೆ, ಶಂಕುಗಳ ಮೇಲೆ ಮಾತ್ರ ಕೆಲಸ ಮಾಡುತ್ತಿತ್ತು. ಬರೆದವರ ಸೋಮಾರಿತನ ಎಂದು ವಿದ್ಯಾರ್ಥಿಗಳು ಬೈಯುವುದುಂಟು; ಗೌಸನ ಅಡ್ಡಿ ಎಂದರೆ ಸರಿ. ಗೋಳದಂಥ ಮೈಗೆ ಸುತ್ತಲೇಬೇಕಾದರೆ ಉದ್ದವನ್ನೋ, ಕೋನವನ್ನೋ, ವಿಸ್ತೀರ್ಣವನ್ನೋ ಬಿಟ್ಟುಕೊಡಬೇಕು. ಅಕ್ಷರಕ್ಕೆ ಕೋನ ಉಳಿಸುವುದು ಮೇಲೆಂದು ನನ್ನ ಅಭಿಪ್ರಾಯ. ಗಾತ್ರ ಕೊಂಚ ಹೆಚ್ಚುಕಡಿಮೆಯಾದರೂ ಓದಬಹುದು, ಓರೆಯಾದರೆ ಕಣ್ಣು ಎಡವುತ್ತದೆ.

ಸುತ್ತಿದ ಮೇಲೆ ಎತ್ತಬೇಕು. ಪ್ರತಿ ಬಿಂದುವನ್ನೂ ಮೈಗೆ ಲಂಬವಾಗಿ ಒಂದೇ ಎತ್ತರ ಸರಿಸುವುದು ಸಹಜ. ಬಟ್ಟಲಿನ ಒಳಮೈಯಂತೆ ತಗ್ಗಾದಲ್ಲಿ ಈ ಎತ್ತರ ವಕ್ರತಾತ್ರಿಜ್ಯವನ್ನು ಮೀರಿದರೆ ಲಂಬಗಳು ಒಂದನ್ನೊಂದು ದಾಟಿ ಮೇಲ್ಮೈ ತನ್ನನ್ನೇ ಕತ್ತರಿಸಿಕೊಳ್ಳುತ್ತದೆ. ಇನ್ನೊಂದು ತೊಡಕು ಕಾರ್ಖಾನೆಯದು. ಉಕ್ಕಿನ ಅಚ್ಚು ಎರಡು ಹೋಳಾಗಿ ನೇರ ತೆರೆದುಕೊಳ್ಳಬೇಕು. ಹೋಳುಗಳು ಕೂಡುವ ಗೆರೆಯ ಬಳಿ ಲಂಬವಾಗಿ ಎದ್ದ ಅಕ್ಷರ ಅಚ್ಚು ಸರಿಯುವ ದಿಕ್ಕಿಗೆ ಅಡ್ಡವಾಗಿ ಚಾಚಿರುತ್ತದೆ, ಅಚ್ಚಿಗೆ ಸಿಕ್ಕಿಕೊಳ್ಳುತ್ತದೆ. ತೋಪಿನ ಮಣ್ಣಿನ ಅಚ್ಚಿಗೆ ಈ ಚಿಂತೆ ಇರಲಿಲ್ಲ. ಅದನ್ನು ಒಂದೇ ಬಾರಿ ಬಳಸಿ ಒಡೆಯುತ್ತಿದ್ದರು.

ಶಾಸನ ಓದುವವರಿಗೆ ಬೇಕಾಗುವುದು ಇದರ ವಿಲೋಮ ಕ್ರಿಯೆ. ಒದ್ದೆ ಕಾಗದವನ್ನು ಅಕ್ಷರದ ಮೇಲೆ ಹೊಡೆದು ಕೂರಿಸಿ ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ಕೊಳವೆಯಾಕಾರದ ಮೈಮೇಲಿನ ಪಡಿಯಚ್ಚು ಬಿಚ್ಚಿದರೆ ಮೇಜಿನ ಮೇಲೆ ಅಳತೆ ಕೆಡದೆ ಹರಡಿಕೊಳ್ಳುತ್ತದೆ. ಔರಂಗಜೇಬ 1686ರಲ್ಲಿ ವಿಜಯಪುರ ಗೆದ್ದ ಮೇಲೆ ಈ ತೋಪಿಗೆ ತನ್ನ ಶಾಸನವನ್ನೂ ಸೇರಿಸಿದ. ಎರಕ ಆರಿದ 137 ವರ್ಷಗಳ ನಂತರದ ಸೇರ್ಪಡೆ ಇದು. ಮೇಣದ ಪಟ್ಟಿಗೆ ಆಗ ಅವಕಾಶವಿರಲಿಲ್ಲ. ಮುಂದಿನ ಪ್ರವಾಸದಲ್ಲಿ ಇಳಿಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಬುರುಜು ಹತ್ತಿ, ಎರಡೂ ಕಾಲದ ಅಕ್ಷರಗಳ ಸುತ್ತಲಿನ ಮೈ ತೋಪಿನ ಉಳಿದ ಮೈಯೊಡನೆ ಒಂದೇ ಮಟ್ಟದಲ್ಲಿದೆಯೇ ಎಂದು ವಿದ್ಯಾರ್ಥಿಗಳಿಂದಲೇ ನೋಡಿಸಿ.